ಮರಳಿ ಬಾರದ ವೈಮಾನಿಕ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ

ಧರ್ಮಕೇಂದ್ರವೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಸಂತರ, ಧರ್ಮಪ್ರಚಾರಕರ, ದೇವಾಲಯ ಕಟ್ಟಿದ ಗುರುಗಳ ಚರಿತ್ರೆಗಳು ಇರುವುದು ವಾಡಿಕೆ. ಅವುಗಳ ನಡುವೆ ಕೊಡಗಿನ ವೈಮಾನಿಕರೊಬ್ಬರ ಜೀವನವೃತ್ತಾಂತವನ್ನು ಕಂಡು ಕೆಲವು ವಾಚಕರು ಹುಬ್ಬೇರಿಸಬಹುದು. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ನಮ್ಮ ಊರಿನವರೂ ಅಲ್ಲ. ಆದರೆ ಮೈಸೂರು ಧರ್ಮಪ್ರಾಂತ್ಯದ ಎಲ್ಲೆಯೊಳಗೆ ಕೊಡಗೂ ಇದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಅನೇಕ ಕುಟುಂಬಗಳು ಕಾಫಿ ಕೊಯ್ಲಿನ ಕಾಲಕ್ಕೆ ಆ ಬೆಟ್ಟಗಳನ್ನು ಹತ್ತಿ ಇಳಿದೇ ಬದುಕನ್ನು ಸಾಗಿಸಿವೆ. ವಿರಾಜಪೇಟೆಯಲ್ಲಿ 1792ರಲ್ಲಿ ಸ್ಥಾಪನೆಯಾದ ಸಂತ ಅನ್ನಮ್ಮನವರ ದೇವಾಲಯಕ್ಕೆ ಆಶ್ರಯವಿತ್ತವನು ಕೊಡಗಿನ ಅರಸನೇ ಎಂಬುದನ್ನು ಹಿರಿಯರು ಬಲ್ಲರು. ನೆರೆಯವರ ಮನೆಯ ಮಗನ ಕಥೆಯನ್ನು ಹೇಳಿಕೊಳ್ಳುವುದಕ್ಕೆ ಇಷ್ಟು ಸಂಬಂಧ ಸಾಕು.

ಹುಣಸೂರಿನಿಂದ ಹೊರಟ ಬಸ್ಸು ಪಿರಿಯಾಪಟ್ಟಣ, ಬೈಲುಕುಪ್ಪೆಗಳನ್ನು ದಾಟಿ, ಕುಶಾಲನಗರದಲ್ಲಿ ಕಾವೇರಿಯನ್ನು ಹಾದು, ಸುಂಟಿಕೊಪ್ಪದ ಏರು ಹತ್ತಿ ಮಡಿಕೇರಿಯನ್ನು ಸೇರುತ್ತದೆ. ಅಲ್ಲಿನ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ಇರುವುದು ಅಜ್ಜಮಾಡ ದೇವಯ್ಯನವರ ಹೆಸರು. ಅಲ್ಲಿಯೇ ಅವರ ಪ್ರತಿಮೆಯೂ ಇದೆ. ನಮ್ಮವರಲ್ಲಿ ಎಷ್ಟೋ ಮಂದಿ ಅದರ ಪಕ್ಕದಲ್ಲಿ ಗಂಟೆಗಟ್ಟಲೆ ನಿಂತು ಬಸ್ಸಿಗಾಗಿ ಕಾದಿದ್ದಾರೆ. ಆತ ಯಾರು, ಏನು ಮಾಡಿದರು ಎಂದು ಕೇಳಿದರೆ ಯುದ್ಧದಲ್ಲಿ ಸತ್ತವರು ಎಂಬಷ್ಟನ್ನೇ ಹೇಳುತ್ತಾರೆ. ಆ ಉತ್ತರ ಸುಳ್ಳಲ್ಲ. ಆದರೆ ಅವರು ಹೇಗೆ ಸತ್ತರು ಎಂಬುದನ್ನು ಅವರ ಸ್ವಂತ ದೇಶವೇ ತಿಳಿದುಕೊಳ್ಳಲು ಹದಿನಾಲ್ಕು ವರ್ಷಗಳು ಬೇಕಾದವು. ತಿಳಿದದ್ದನ್ನು ಒಪ್ಪಿ ಗೌರವಿಸಲು ಮತ್ತೆ ಒಂಬತ್ತು ವರ್ಷಗಳು ಹಿಡಿದವು.

ದೇವಯ್ಯನವರು ಜನಿಸಿದ್ದು 1932ರ ಡಿಸೆಂಬರ್ 24ರಂದು, ನಾವು ಕ್ರಿಸ್ತಜಯಂತಿಯ ಜಾಗರಣೆಯಲ್ಲಿರುವ ದಿನ. ಕೊಡವರಲ್ಲಿ ಹೆಸರಿನ ಮೊದಲಿಗೆ ಬರುವುದು ಒಕ್ಕದ ಹೆಸರು, ಅಂದರೆ ಮನೆತನದ ಹೆಸರು. ಅನಂತರ ತಂದೆಯದು, ಕೊನೆಗೆ ತನ್ನದು. ಅಜ್ಜಮಾಡ ಎಂಬುದು ಒಕ್ಕ, ಬೋಪಯ್ಯನವರು ತಂದೆ. ತಂದೆ ವೃತ್ತಿಯಿಂದ ವೈದ್ಯರು. ಆಗ ಕೊಡಗು ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ. ಬ್ರಿಟಿಷರ ಮುಖ್ಯ ಆಯುಕ್ತರ ಆಡಳಿತದಲ್ಲಿದ್ದ ಪುಟ್ಟ ಪ್ರಾಂತ್ಯವಾಗಿತ್ತು. ಅದು ನಮ್ಮ ರಾಜ್ಯದೊಡನೆ ಕೂಡಿದ್ದು 1956ರ ನವೆಂಬರ್ 1ರಂದು.

ಇನ್ನೊಂದು ಕಾಕತಾಳೀಯವನ್ನೂ ಇಲ್ಲಿ ಹೇಳಬೇಕು. ಭಾರತೀಯ ವಾಯುದಳವು ವಿಧಿವತ್ತಾಗಿ ಹುಟ್ಟಿದ್ದು ಅದೇ 1932ರ ಅಕ್ಟೋಬರ್ 8ರಂದು. ಹೀಗೆ ದಳಕ್ಕೂ ಈ ಶಿಶುವಿಗೂ ಹನ್ನೊಂದು ವಾರಗಳಷ್ಟೇ ಅಂತರ. ದಳದ ಪ್ರಥಮ ಸ್ಕ್ವಾಡ್ರನ್ ರಚನೆಯಾದದ್ದು 1933ರ ಏಪ್ರಿಲ್ 1ರಂದು, ಕರಾಚಿಯ ಡ್ರಿಗ್ ರಸ್ತೆಯ ನೆಲೆಯಲ್ಲಿ, ನಾಲ್ಕೇ ನಾಲ್ಕು ವಾಪಿಟಿ ವಿಮಾನಗಳೊಡನೆ. ಮುಂದೆ ಮೂವತ್ತೆರಡು ವರ್ಷಗಳ ಬಳಿಕ ದೇವಯ್ಯನವರು ತಮ್ಮ ಅಂತಿಮ ಹಾರಾಟವನ್ನು ಕೈಗೊಂಡದ್ದು ಆ ಪ್ರಥಮ ಸ್ಕ್ವಾಡ್ರನ್ನಿನಿಂದಲೇ. ಆದರೆ ಅಷ್ಟರೊಳಗೆ ಅದು ಹುಟ್ಟಿದ ಊರು ಪರದೇಶವಾಗಿತ್ತು.

ಕೊಡಗಿನಲ್ಲಿ ಕೋವಿ ಮನೆಯ ದೈವದಂತೆ. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದರಂತೆ ಎರಡು ಗುಂಡು. ಕಣಿವೆಯ ಆಚೆಯವರಿಗೆ ಸುದ್ದಿ ಮುಟ್ಟುವುದು ಹಾಗೆ. ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಗದ್ದೆಯ ನಾಟಿ ಮುಗಿದ ಮೇಲೆ ಕೈಲ್ ಮುಹೂರ್ತದಂದು ಆಯುಧಗಳನ್ನು ತೊಳೆದು, ಹೂವಿಟ್ಟು ಪೂಜಿಸುತ್ತಾರೆ. ಇಂತಹ ನಾಡಿನಿಂದ ಸೇನಾನಿಗಳು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಸ್ವತಂತ್ರ ಭಾರತದ ಸೈನ್ಯಕ್ಕೆ 1949ರ ಜನವರಿ 15ರಂದು ಪ್ರಥಮ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರೂ ಕೊಡಗಿನವರೇ. ನಮ್ಮ ಹುಣಸೂರಿಗೂ ಸೈನ್ಯದೊಡನೆ ಹಳೆಯ ನಂಟೊಂದು ಇದ್ದಿತು. ಒಂದು ಕಾಲದಲ್ಲಿ ಅಮೃತಮಹಲ್ ದನಗಳೂ, ಇಲ್ಲಿನ ಹದಮಾಡಿದ ಚರ್ಮದ ಬೂಟುಗಳೂ, ಕಂಬಳಿಗಳೂ ದಂಡಿಗೆ ಹೋಗುತ್ತಿದ್ದವು. ನಾವು ಬೂಟುಗಳನ್ನು ಕೊಟ್ಟೆವು, ಕೊಡಗು ಅವುಗಳನ್ನು ತೊಡುವವರನ್ನು ಕೊಟ್ಟಿತು ಎನ್ನಬಹುದೇನೋ.

ಆದರೆ ವಾಯುದಳದ ಮಾತು ಬೇರೆ. ಅಲ್ಲಿ ಕುದುರೆಯಿಲ್ಲ, ಕತ್ತಿಯಿಲ್ಲ, ಅಜ್ಜನಿಂದ ಮೊಮ್ಮಗನಿಗೆ ಬಂದ ರೆಜಿಮೆಂಟಿನ ಕಥೆಗಳಿಲ್ಲ. ವೈಮಾನಿಕನು ಏಕಾಂಗಿ. ಗಾಜಿನ ಗೂಡಿನೊಳಗೆ ಕುಳಿತು, ಯಂತ್ರದ ಮುಳ್ಳುಗಳನ್ನು ಓದುತ್ತ, ಕ್ಷಣಾರ್ಧದಲ್ಲಿ ತೀರ್ಮಾನ ಮಾಡುವ ಕೆಲಸ ಅವನದು. ದೇವಯ್ಯನವರು 1954ರಲ್ಲಿ, ಇಪ್ಪತ್ತೆರಡು ತುಂಬುವ ಹೊತ್ತಿಗೆ, ವಾಯುದಳದ ಅಧಿಕಾರಿಯಾದರು. ಆಗ ನಮ್ಮ ವಾಯುದಳವು ತಿರುಗುಪಂಖದ ವಿಮಾನಗಳಿಂದ ಜೆಟ್ ವಿಮಾನಗಳಿಗೆ ಹೊರಳುತ್ತಿದ್ದ ಕಾಲ. ಫ್ರಾನ್ಸಿನ ದಸೋ ಕಂಪನಿಯು ನಿರ್ಮಿಸಿದ ಮಿಸ್ಟೇರ್ ವಿಮಾನಗಳು 1957ರಿಂದ ನಮ್ಮಲ್ಲಿಗೆ ಬಂದವು. ಒಂದೇ ಎಂಜಿನು, ಒಬ್ಬನೇ ಚಾಲಕ, ಮೂಗಿನ ಕೆಳಗೆ ಮೂವತ್ತು ಮಿಲಿಮೀಟರಿನ ಎರಡು ಫಿರಂಗಿಗಳು, ರೆಕ್ಕೆಗಳ ಅಡಿಯಲ್ಲಿ ಬಾಂಬು ಇಲ್ಲವೆ ರಾಕೆಟ್ಟು. ಗಟ್ಟಿಮುಟ್ಟಾದ ವಿಮಾನ, ಆದರೆ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನು ಮೀರಲಾರದು.

ಯುದ್ಧ ಪ್ರಾರಂಭವಾದಾಗ ದೇವಯ್ಯನವರು ವಾಯುದಳದ ಹಾರಾಟ ವಿದ್ಯಾಲಯದಲ್ಲಿ ಶಿಕ್ಷಕರಾಗಿದ್ದರು. ಇದನ್ನು ಓದುವಾಗ ವಾಚಕರು ಒಂದು ಕ್ಷಣ ನಿಲ್ಲಬೇಕೆಂದು ನನ್ನ ಆಸೆ. ಗುರುಮಠದಲ್ಲಿ ವರ್ಷಗಟ್ಟಲೆ ಪಾಠ ಕೇಳಿದವರಿಗೆ ಕಲಿಸುವವರ ಬೆಲೆ ಗೊತ್ತು. ಹಾರಾಟ ಕಲಿಸುವವನು ಎಳೆಯನೊಬ್ಬನ ಕೈಯಲ್ಲಿ ವಿಮಾನವನ್ನು ಕೊಟ್ಟು ತಾನು ಸುಮ್ಮನೆ ಕೂರಬೇಕು; ತಪ್ಪುವುದನ್ನು ನೋಡಬೇಕು; ಇನ್ನೇನು ಕೈಮೀರುತ್ತದೆ ಎನ್ನುವಾಗ ಮಾತ್ರ ಕೈಹಾಕಬೇಕು. ಅವಸರದ ಮನುಷ್ಯರಿಗೆ ಆ ಕೆಲಸ ಕೊಡುವುದಿಲ್ಲ. ಸಹವೈಮಾನಿಕರು ಅವರನ್ನು ಸಲುಗೆಯಿಂದ ಟಬ್ಬಿ ಎಂದು ಕರೆಯುತ್ತಿದ್ದರು. ದುಂಡಗಿನವ ಎಂದು ಅದರ ಅರ್ಥ. ಆ ವೇಳೆಗೆ ಅವರು ಗೃಹಸ್ಥರು, ಮಕ್ಕಳ ತಂದೆ, ಸ್ಕ್ವಾಡ್ರನ್ ಲೀಡರ್ ಪದವಿಯವರು.

1965ರ ಯುದ್ಧದ ಕಾರಣಗಳನ್ನು ವಿಸ್ತರಿಸಲು ಇದು ಸ್ಥಳವಲ್ಲ. ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಜಮ್ಮುವಿನ ಛಂಬ್ ಪ್ರದೇಶಕ್ಕೆ ನುಗ್ಗಿದವು. ಸೆಪ್ಟೆಂಬರ್ 6ರಂದು ನಮ್ಮ ಸೈನ್ಯವು ಅಂತರರಾಷ್ಟ್ರೀಯ ಗಡಿಯನ್ನು ದಾಟಿ ಲಾಹೋರಿನತ್ತ ಸಾಗಿತು. ಅದೇ ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣ್‌ಕೋಟಿನ ನೆಲೆಯ ಮೇಲೆರಗಿ, ನೆಲದಲ್ಲಿ ನಿಂತಿದ್ದ ನಮ್ಮ ಹತ್ತರಷ್ಟು ವಿಮಾನಗಳನ್ನು ಸುಟ್ಟುಹಾಕಿದವು. ಅದೇ ರಾತ್ರಿ ಪಠಾಣ್‌ಕೋಟ್, ಹಲ್ವಾರಾ, ಆದಂಪುರ ಈ ಮೂರೂ ವಿಮಾನ ನೆಲೆಗಳ ಬಳಿ ಶತ್ರುಗಳು ಪ್ಯಾರಾಚೂಟ್ ಸೈನಿಕರನ್ನು ಇಳಿಸಿದರು. ಬಹುಮಂದಿ ಸೆರೆಸಿಕ್ಕರು, ನೆಲೆಗಳಿಗೆ ಹಾನಿಯಾಗಲಿಲ್ಲ. ಆದರೂ ಜಲಂಧರ ಸಮೀಪದ ಆದಂಪುರದಲ್ಲಿ ಅದು ನೆಮ್ಮದಿಯ ರಾತ್ರಿಯಾಗಿರಲಿಲ್ಲ. ಪ್ರಥಮ ಸ್ಕ್ವಾಡ್ರನ್ನಿನ ವೈಮಾನಿಕರು ಬೆಳಗಿನ ಜಾವದ ಆಜ್ಞೆಗಾಗಿ ಕಾದಿದ್ದದ್ದು ಅಲ್ಲಿಯೇ.

ಆಜ್ಞೆ ಸರ್ಗೋಧಾ ಕುರಿತಾದದ್ದು. ಸರ್ಗೋಧಾ ಪಾಕಿಸ್ತಾನ ವಾಯುದಳದ ಹೃದಯಸ್ಥಾನ. ಸುತ್ತಲೂ ಉಪನೆಲೆಗಳು, ರೇಡಾರ್, ವಿಮಾನ ಹೊಡೆಯುವ ಫಿರಂಗಿಗಳು. ಆದಂಪುರದಿಂದ ಅಲ್ಲಿಗೆ ಸುಮಾರು ಮುನ್ನೂರು ಕಿಲೋಮೀಟರು, ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಮರಳಿ ಬರುವಷ್ಟು ದೂರ. ರೇಡಾರಿನ ಕಣ್ಣಿಗೆ ಬೀಳದಂತೆ ಮರದ ತುದಿಗಳನ್ನು ಸವರಿಕೊಂಡು ಹೋಗಬೇಕು. ತಗ್ಗಿನಲ್ಲಿ ಹಾರುವ ಜೆಟ್ ವಿಮಾನ ಇಂಧನವನ್ನು ಕುಡಿದುಬಿಡುತ್ತದೆ. ಆದಕಾರಣ ಮಿಸ್ಟೇರಿಗೆ ಆ ದೂರವು ಅದರ ಶಕ್ತಿಯ ಕೊನೆಯ ಅಂಚು. ಗುರಿಯ ಮೇಲೆ ಸುತ್ತಾಡಲು ಬಿಡುವಿಲ್ಲ. ದಾರಿಯಲ್ಲಿ ಯಾರಾದರೂ ಎದುರಾದರೆ ಕಾದಾಡಲು ಇಂಧನವಿಲ್ಲ. ಒಂದೇ ಸಲ ಎರಗಿ, ಬಂದ ದಾರಿಯಲ್ಲಿ ನೇರವಾಗಿ ಮರಳಬೇಕು. ಇದು ಅಂದಿನ ಯೋಜನೆಯ ಮೂಲ ಲೆಕ್ಕ, ಮುಂದೆ ನಡೆದದ್ದನ್ನು ಗ್ರಹಿಸಲು ಕೀಲಿಕೈಯೂ ಹೌದು.

ಸ್ಕ್ವಾಡ್ರನ್ನಿನ ದಳಪತಿ ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ ಅವರ ನಾಯಕತ್ವದಲ್ಲಿ ಹನ್ನೆರಡು ವಿಮಾನಗಳು ಹೊರಡಬೇಕೆಂದು ಗೊತ್ತಾಯಿತು. ದೇವಯ್ಯನವರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾರದಾದರೂ ಯಂತ್ರ ಕೈಕೊಟ್ಟರೆ ಆ ಸ್ಥಳವನ್ನು ತುಂಬಲು ಅವರನ್ನು ಕಾಯ್ದಿರಿಸಲಾಗಿತ್ತು. ಮದುವೆಯ ಊಟಕ್ಕೆ ಕರೆಯಿಲ್ಲದೆ ಅಡುಗೆಮನೆಯಲ್ಲಿ ಸಿದ್ಧವಾಗಿ ನಿಂತವರ ಹಾಗೆ. ಕಾಯ್ದಿರಿಸಿದ ವೈಮಾನಿಕನಿಗೆ ಹಿಂದುಳಿಯಲು ನ್ಯಾಯವಾದ ಅವಕಾಶ ಯಾವಾಗಲೂ ಇರುತ್ತದೆ. ಯಾರೂ ಅವನನ್ನು ದೂಷಿಸುವುದಿಲ್ಲ. ಬೆಳಗಿನ ಸುಮಾರು ಐದೂವರೆಗೆ, ಇನ್ನೂ ಕತ್ತಲಿರುವಾಗಲೇ, ವಿಮಾನಗಳು ದೀಪಗಳಿಲ್ಲದೆ ಒಂದೊಂದಾಗಿ ಮೇಲೆದ್ದವು. ದೇವಯ್ಯನವರೂ ಮೇಲೆದ್ದರು, ಮುಂದೆ ಹೋದವರನ್ನು ಕೂಡಿಕೊಂಡರು. ಅದು ಮಂಗಳವಾರ, ಸೆಪ್ಟೆಂಬರ್ 7. ನಮ್ಮ ದೇವಾಲಯಗಳಲ್ಲಿ ಮಾತೆ ಮರಿಯಮ್ಮನವರ ಜನನೋತ್ಸವದ ಹಿಂದಿನ ದಿನ, ನವದಿನ ಪ್ರಾರ್ಥನೆ ಮುಗಿಯುವ ಹೊತ್ತು.

ಅರ್ಧ ಗಂಟೆಯ ಹಾರಾಟದ ಬಳಿಕ ಮಬ್ಬುಬೆಳಕಿನಲ್ಲಿ ಸರ್ಗೋಧಾ ಕಾಣಿಸಿತು. ಮಿಸ್ಟೇರುಗಳು ದಾಳಿ ಮಾಡಿ ತಿರುಗಿದವು. ಕತ್ತಲು ಪೂರ್ತಿ ಹರಿಯದಿದ್ದುದರಿಂದ ಆ ದಾಳಿಯಿಂದಾದ ನಷ್ಟ ನಮ್ಮವರು ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಎಂಬುದನ್ನು ಈಗಿನ ಇತಿಹಾಸಕಾರರು ಒಪ್ಪುತ್ತಾರೆ. ಅದನ್ನು ಮರೆಮಾಚುವ ಅಗತ್ಯವಿಲ್ಲ. ದೇವಯ್ಯನವರ ಕಥೆ ಆರಂಭವಾಗುವುದು ದಾಳಿ ಮುಗಿದ ಮೇಲೆಯೇ.

ಆಕಾಶದಲ್ಲಿ ಕಾವಲಿದ್ದ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರು ಮರಳುತ್ತಿದ್ದ ಮಿಸ್ಟೇರುಗಳನ್ನು ಕಂಡರು. ಅವರು ಏರಿದ್ದುದು ಸ್ಟಾರ್‌ಫೈಟರ್. ಅಮೆರಿಕವು ಪಾಕಿಸ್ತಾನಕ್ಕೆ ಕೊಟ್ಟಿದ್ದ ಆ ವಿಮಾನ ಶಬ್ದಕ್ಕಿಂತ ಎರಡು ಪಟ್ಟು ವೇಗವುಳ್ಳದ್ದು. ಶಾಖವನ್ನು ಹಿಂಬಾಲಿಸಿ ಹೋಗುವ ಕ್ಷಿಪಣಿಗಳೂ, ಕ್ಷಣಕ್ಕೆ ನೂರಾರು ಗುಂಡು ಕಾರುವ ಫಿರಂಗಿಯೂ ಅದಕ್ಕಿದ್ದವು. ರೆಕ್ಕೆಗಳು ಎಷ್ಟು ಗಿಡ್ಡವೆಂದರೆ, ಮನುಷ್ಯನನ್ನು ಕೂರಿಸಿದ ಕ್ಷಿಪಣಿ ಎಂದೇ ಅದಕ್ಕೆ ಅಡ್ಡಹೆಸರು. ಇಡೀ ಉಪಖಂಡದಲ್ಲಿ ಅದಕ್ಕೆ ಸಮನಾದ ವಿಮಾನ ಅಂದು ಇನ್ನೊಂದಿರಲಿಲ್ಲವೆಂದೇ ಎಲ್ಲರ ಭಾವನೆ. ಮಿಸ್ಟೇರು ಅದರ ಮುಂದೆ ಹಿಂದಿನ ತಲೆಮಾರಿನದು.

ಅಮ್ಜದ್ ಹುಸೇನರು ಮೊದಲು ಕ್ಷಿಪಣಿ ಹಾರಿಸಿದರು. ಅದು ನೆಲಕ್ಕೆ ಬಡಿಯಿತು. ಅನಂತರ ಫಿರಂಗಿಯಿಂದ ಹೊಡೆದರು, ಗುಂಡುಗಳು ತಗುಲಿದವು. ಹೊಡೆತ ತಿಂದ ವಿಮಾನ ದೇವಯ್ಯನವರದು. ಇಂಧನದ ಲೆಕ್ಕವನ್ನು ಈಗ ನೆನಪಿಸಿಕೊಳ್ಳಬೇಕು. ಗಾಯಗೊಂಡ ವಿಮಾನದೊಡನೆ ಅವರು ಮಾಡಬೇಕಾಗಿದ್ದ ವಿವೇಕದ ಕೆಲಸ ಎಂದರೆ ಪೂರ್ವಕ್ಕೆ ಮುಖಮಾಡಿ ಓಡುವುದು, ಅದು ಆಗದಿದ್ದರೆ ಹೊರಗೆ ಚಿಮ್ಮಿ ಪ್ಯಾರಾಚೂಟಿನಲ್ಲಿ ಇಳಿಯುವುದು. ಓಡಿದ್ದರೆ ಸ್ಟಾರ್‌ಫೈಟರಿನ ವೇಗಕ್ಕೆ ಅವರೂ ಸಿಗುತ್ತಿದ್ದರು, ಮುಂದಿದ್ದ ಸಂಗಾತಿಗಳೂ ಸಿಗುತ್ತಿದ್ದರು. ಅವರು ಓಡಲಿಲ್ಲ. ತಿರುಗಿ ನಿಂತರು.

ನೆಲಕ್ಕೆ ಅತಿ ಸಮೀಪದಲ್ಲಿ ಎರಡೂ ವಿಮಾನಗಳು ಒಂದರ ಸುತ್ತ ಒಂದು ಹೊರಳಿದವು. ಅತಿವೇಗದ ವಿಮಾನಕ್ಕೆ ಇಂಥ ತಿರುವುಗಳು ಒಗ್ಗುವುದಿಲ್ಲ. ಗಿಡ್ಡ ರೆಕ್ಕೆಯ ಸ್ಟಾರ್‌ಫೈಟರಿಗೆ ವಿಶಾಲವಾದ ಸುತ್ತು ಬೇಕು, ಮಿಸ್ಟೇರಿಗೆ ಕಿರಿದಾದ ಸುತ್ತು ಸಾಕು. ಹೆದ್ದಾರಿಯಲ್ಲಿ ಗೆಲ್ಲುವ ಲಾರಿ ಊರೊಳಗಿನ ಓಣಿಯಲ್ಲಿ ಎತ್ತಿನ ಗಾಡಿಗೆ ಸೋಲುವ ಹಾಗೆ. ಹಾರಾಟ ಕಲಿಸುವ ಶಿಕ್ಷಕನಿಗೆ ಈ ಲೆಕ್ಕ ಬಾಯಿಪಾಠವಾಗಿರಬೇಕು. ಅಮ್ಜದ್ ಹುಸೇನರ ವಿಮಾನ ಮುಂದಕ್ಕೆ ಜಾರಿದ ಗಳಿಗೆಯಲ್ಲಿ ದೇವಯ್ಯನವರು ಅದರ ಹಿಂದೆ ಬಂದು ಮೂವತ್ತು ಮಿಲಿಮೀಟರಿನ ಫಿರಂಗಿಗಳಿಂದ ಹೊಡೆದರು. ಸ್ಟಾರ್‌ಫೈಟರ್ ಹತೋಟಿ ತಪ್ಪಿತು. ಅಮ್ಜದ್ ಹುಸೇನರು ಹೊರಗೆ ಚಿಮ್ಮಿ, ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ಸಬ್‌ಸಾನಿಕ್ ವಿಮಾನವೊಂದು, ಅದೂ ಮೊದಲೇ ಪೆಟ್ಟು ತಿಂದದ್ದು, ಸ್ಟಾರ್‌ಫೈಟರನ್ನು ಉರುಳಿಸಿತ್ತು.

ದೇವಯ್ಯನವರು ಬದುಕಲಿಲ್ಲ. ಮೊದಲ ಹೊಡೆತಗಳಿಂದಲೇ ಅವರ ವಿಮಾನ ಬಿದ್ದಿತೆಂದು ಕೆಲವರೂ, ಇಂಧನ ತೀರಿ ಬಿದ್ದಿತೆಂದು ಕೆಲವರೂ ಹೇಳುತ್ತಾರೆ. ಈ ವಿಷಯದಲ್ಲಿ ಬಲ್ಲವರಲ್ಲಿಯೇ ಒಮ್ಮತವಿಲ್ಲ. ಚೀನಾಬ್ ನದಿಯ ಈಚೆ ದಡದಲ್ಲಿ, ಪಿಂಡಿ ಭಟ್ಟಿಯಾಂ ಸಮೀಪದ ಕೋಟ್ ನಕ್ಕಾ ಎಂಬ ಹಳ್ಳಿಯ ಬಯಲಿನಲ್ಲಿ ಆ ವಿಮಾನ ನೆಲಕ್ಕೆ ಬಿದ್ದಿತು. ಅವರಿಗೆ ಆಗ ಮೂವತ್ತೆರಡು ವರ್ಷ, ಎಂಟು ತಿಂಗಳು, ಹದಿನಾಲ್ಕು ದಿನ.

ಆದಂಪುರದಲ್ಲಿ ಇದಾವುದೂ ಗೊತ್ತಿರಲಿಲ್ಲ. ವಿಮಾನಗಳು ಇಳಿದವು, ಎಣಿಸಿದರು, ಒಂದು ಕಡಿಮೆಯಿತ್ತು. ತಗ್ಗಿನಲ್ಲಿ, ಬೇರೆಬೇರೆಯಾಗಿ, ಅರೆಗತ್ತಲಲ್ಲಿ ಮರಳುತ್ತಿದ್ದ ಸಂಗಾತಿಗಳು ಹಿಂದೆ ಏನು ನಡೆಯಿತೆಂಬುದನ್ನು ನೋಡಿರಲಿಲ್ಲ. ದೇವಯ್ಯನವರ ಹೆಸರಿನ ಮುಂದೆ ಕಾಣೆಯಾದವರು ಎಂದು ಬರೆದರು. ಆ ದಿನ ಹಗಲೆಲ್ಲ ಇನ್ನೂ ದಾಳಿಗಳು ನಡೆದವು, ಇನ್ನೂ ವೈಮಾನಿಕರು ಸತ್ತರು. ಒಬ್ಬನ ಲೆಕ್ಕ ಹುಡುಕುತ್ತ ಕೂರಲು ಯಾರಿಗೂ ಬಿಡುವಿರಲಿಲ್ಲ. ಸೆಪ್ಟೆಂಬರ್ 23ರಂದು ಕದನವಿರಾಮವಾಯಿತು. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಒಪ್ಪಂದವಾಯಿತು. ಮರುದಿನವೇ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಲ್ಲಿಯೇ ತೀರಿಕೊಂಡರು. ಯುದ್ಧಕೈದಿಗಳು ಮರಳಿದರು. ಅವರಲ್ಲಿ ದೇವಯ್ಯನವರು ಇರಲಿಲ್ಲ. ಕಾಣೆಯಾದವರು ಎಂಬುದನ್ನು ಹೊಡೆದುಹಾಕಿ ಮೃತರು ಎಂದು ಬರೆಯಲಾಯಿತು.

ಸಾವಿನ ಮನೆಗಳಿಗೆ ಹೋಗುವುದು ನಮ್ಮಂಥ ಗುರುಗಳ ನಿತ್ಯದ ಕೆಲಸ. ಶರೀರ ಮನೆಗೆ ಬಂದ ಸಾವಿಗೂ ಬಾರದ ಸಾವಿಗೂ ಇರುವ ಅಂತರವನ್ನು ನಾವು ಬಲ್ಲೆವು. ಮುಖವನ್ನು ಕೊನೆಯ ಸಲ ನೋಡಿ, ಒಂದು ಹಿಡಿ ಮಣ್ಣು ಹಾಕಿದವರ ದುಃಖ ಎಂದಾದರೂ ಒಂದು ದಡ ಮುಟ್ಟುತ್ತದೆ. ಹೊಳೆಯಲ್ಲಿ ಕೊಚ್ಚಿಹೋಗಿ ಸಿಗದವರ, ದೂರದೇಶದಲ್ಲಿ ಕಾಣೆಯಾದವರ ಮನೆಯವರು ಮಾತ್ರ ಬಾಗಿಲ ಸದ್ದಾದಾಗಲೆಲ್ಲ ತಲೆಯೆತ್ತುತ್ತಾರೆ. ಇನ್ನು ಕೊಡಗಿನ ಪದ್ಧತಿಯನ್ನು ನೆನೆಯಿರಿ: ಸಾವಿಗೆ ಎರಡು ಗುಂಡು. ಎಂದು ಸತ್ತರು, ಎಲ್ಲಿ ಸತ್ತರು ಎಂಬುದು ತಿಳಿಯದ ಮನೆಯಲ್ಲಿ ಆ ಎರಡು ಗುಂಡುಗಳನ್ನು ಯಾವ ದಿನ ಹಾರಿಸಬೇಕು? ಎಳೆಯ ಮಕ್ಕಳನ್ನು ಕಟ್ಟಿಕೊಂಡ ಅವರ ಪತ್ನಿಯವರು ಆ ವರ್ಷಗಳನ್ನು ಹೇಗೆ ಕಳೆದರೆಂಬುದನ್ನು ನಾವು ಊಹಿಸಿಕೊಳ್ಳಬೇಕಷ್ಟೆ. ಅವರ ಪತಿ ಶೂರರೆಂದು ಹೇಳಲು ಕೂಡ ಆಗ ಯಾರ ಬಳಿಯೂ ಆಧಾರವಿರಲಿಲ್ಲ. ಹೋದರು, ಬರಲಿಲ್ಲ. ಅಷ್ಟೇ.

ಅದೇ ಯುದ್ಧದ ಕೊನೆಯ ಘಟ್ಟದಲ್ಲಿ, ಸೆಪ್ಟೆಂಬರ್ 22ರಂದು, ಇನ್ನೊಬ್ಬ ಕೊಡಗಿನ ವೈಮಾನಿಕರು ಪಾಕಿಸ್ತಾನದಲ್ಲಿ ಬಿದ್ದರು. ಅವರು ಜನರಲ್ ಕಾರ್ಯಪ್ಪನವರ ಪುತ್ರ, ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪ. ಅವರು ಏರಿದ್ದ ಹಂಟರ್ ವಿಮಾನಕ್ಕೆ ಗುಂಡು ತಗುಲಿ, ಗಾಯಗೊಂಡು ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ದೇಶವಿಭಜನೆಗೆ ಮುನ್ನ ಹಳೆಯ ಸೈನ್ಯದಲ್ಲಿ ತಂದೆ ಕಾರ್ಯಪ್ಪನವರನ್ನು ಬಲ್ಲವರು. ಮಗನ ಕ್ಷೇಮಸಮಾಚಾರವನ್ನು ಅವರು ತಿಳಿಸಿಕೊಟ್ಟರು. ವಿಶೇಷ ಉಪಚಾರದ ಮಾತನ್ನೂ ಆಡಿದರು. ಕೈದಿಗಳೆಲ್ಲರೂ ತಮ್ಮ ಮಕ್ಕಳೇ, ಎಲ್ಲರನ್ನೂ ಒಂದೇ ಸಮನಾಗಿ ನೋಡಿಕೊಳ್ಳಬೇಕು, ತಮ್ಮ ಮಗನಿಗೆಂದು ಬೇರೆ ಏನೂ ಬೇಡ ಎಂದು ಮಡಿಕೇರಿಯ ಹಿರಿಯರು ತಿಳಿಸಿದ್ದು ಪ್ರಸಿದ್ಧವಾಗಿದೆ. ಮಗ ಮುಂದೆ ಕ್ಷೇಮವಾಗಿ ಮನೆಗೆ ಬಂದರು. ಒಂದೇ ನಾಡು, ಒಂದೇ ತಿಂಗಳು, ಎರಡು ಮನೆ. ಒಂದು ಮನೆಗೆ ಶತ್ರುದೇಶದ ಅಧ್ಯಕ್ಷರಿಂದಲೇ ಸುದ್ದಿ. ಇನ್ನೊಂದು ಮನೆಗೆ ಸುದ್ದಿಯೇ ಇಲ್ಲ.

ಸುದ್ದಿ ಬಂದದ್ದು 1979ರಲ್ಲಿ, ಅದೂ ವಿಚಿತ್ರವಾದ ದಾರಿಯಲ್ಲಿ. ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನ ವಾಯುದಳದ ಸಹಕಾರದಿಂದ, ಅದರ ದಾಖಲೆಗಳನ್ನು ನೋಡಿ, 1965ರ ವಾಯುಯುದ್ಧದ ಬಗ್ಗೆ ಒಂದು ಗ್ರಂಥವನ್ನು ಪ್ರಕಟಿಸಿದರು. ಪಾಕಿಸ್ತಾನದ ವೈಮಾನಿಕರ ಸಾಹಸವನ್ನು ಜಗತ್ತಿಗೆ ಸಾರುವುದು ಅದರ ಉದ್ದೇಶ. ಅದರಲ್ಲಿಯೇ, ಸೆಪ್ಟೆಂಬರ್ 7ರ ಬೆಳಗ್ಗೆ ಸರ್ಗೋಧಾ ಸಮೀಪದಲ್ಲಿ ಮಿಸ್ಟೇರಿನೊಡನೆ ನಡೆದ ಕಾಳಗದಲ್ಲಿ ತಮ್ಮದೊಂದು ಸ್ಟಾರ್‌ಫೈಟರ್ ನಷ್ಟವಾದ ವಿಷಯವೂ ಇತ್ತು. ನಮ್ಮ ವಾಯುದಳದವರು ಅದನ್ನು ಓದಿ ಬೆರಗಾದರು. ಏಕೆಂದರೆ ಅಂದು ಮರಳಿ ಬಂದ ಯಾವ ಮಿಸ್ಟೇರ್ ಚಾಲಕನೂ ತಾನು ಸ್ಟಾರ್‌ಫೈಟರನ್ನು ಹೊಡೆದೆನೆಂದು ಹೇಳಿರಲಿಲ್ಲ. ಹಾಗಾದರೆ ಹೊಡೆದವರು ಯಾರು? ಬಂದವರಲ್ಲಿ ಯಾರೂ ಅಲ್ಲವೆಂದಮೇಲೆ ಉಳಿದದ್ದು ಬಾರದ ಒಬ್ಬರು. ಆ ಮೊದಲ ದಾಳಿಯಿಂದ ಬಾರದವರು ದೇವಯ್ಯನವರೊಬ್ಬರೇ.

ಅವರ ಹಳೆಯ ದಳಪತಿ ತನೇಜಾ ಅವರು ಇದನ್ನು ಅಲ್ಲಿಗೆ ಬಿಡಲಿಲ್ಲ. ಅವರು ಆಗ ನಿವೃತ್ತರು. ತಮ್ಮ ಕೈಕೆಳಗಿದ್ದ, ತಾವು ಕರೆದೊಯ್ದು ಮರಳಿ ತರಲಾಗದ ವೈಮಾನಿಕನಿಗಾಗಿ ಸರ್ಕಾರಕ್ಕೆ ಬರೆದರು. ಸರ್ಕಾರದ ಕಡತಗಳ ನಡಿಗೆ ನಮಗೆಲ್ಲ ಪರಿಚಿತವೇ. ದೇವಾಲಯದ ಜಮೀನಿನ ಖಾತೆಗಾಗಿ ತಾಲೂಕು ಕಚೇರಿಗಳಿಗೆ ಅಲೆದವರಿಗೆ ವಿವರಿಸಬೇಕಾಗಿಲ್ಲ. ಕಡೆಗೆ 1988ರಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಲಾಯಿತು. ಯುದ್ಧಕಾಲದ ಶೌರ್ಯಕ್ಕೆ ಪರಮವೀರ ಚಕ್ರದ ಅನಂತರದ ಸ್ಥಾನ ಅದಕ್ಕಿದೆ. ವಾಯುದಳದಲ್ಲಿ ಆ ಪದಕವನ್ನು ಮರಣೋತ್ತರವಾಗಿ ಪಡೆದವರು ಅವರೊಬ್ಬರೇ. ಇಪ್ಪತ್ತಮೂರು ವರ್ಷಗಳ ಬಳಿಕ ಅವರ ಪತ್ನಿಯವರು ಅದನ್ನು ಸ್ವೀಕರಿಸಿದರು.

ಫ್ರಿಕರ್ ಅವರ ಗ್ರಂಥ ಪ್ರಕಟವಾಗಿ ಪದಕ ಬರುವವರೆಗಿನ ಒಂಬತ್ತು ವರ್ಷಗಳ ವಿಳಂಬವನ್ನು ನಾನು ಸುಲಭವಾಗಿ ಕ್ಷಮಿಸಲಾರೆ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಎದುರಾಳಿಗಳು ತಮ್ಮ ಸೋಲನ್ನು ಮುಚ್ಚಿಟ್ಟಿದ್ದರೆ ಈ ಕಥೆ ಎಂದೆಂದಿಗೂ ಮಣ್ಣುಪಾಲಾಗುತ್ತಿತ್ತು. ತಮಗೆ ನಷ್ಟವಾದದ್ದನ್ನು ಅವರು ಕಾಗದದ ಮೇಲೆ ಬರೆದರು. ಮುಂದೆ ಪಾಕಿಸ್ತಾನ ವಾಯುದಳದ ನಿವೃತ್ತ ಅಧಿಕಾರಿ ಖೈಸರ್ ತುಫೈಲ್ ಅವರು ಈ ಪ್ರಸಂಗದ ಬೆನ್ನುಹತ್ತಿ, ಆ ಹಳ್ಳಿಯ ಜನರಿಂದ ತಿಳಿದದ್ದನ್ನು ಬರೆದಿಟ್ಟರು. ವಿಮಾನ ಬಿದ್ದ ಜಾಗವೂ, ದೇವಯ್ಯನವರ ದೇಹಕ್ಕೆ ಏನಾಯಿತೆಂಬುದೂ ನಮಗೆ ಗೊತ್ತಾದದ್ದು ಅವರ ಮೂಲಕವೇ. ರೈತರಿಗೆ ದೇಹವು ಹೆಚ್ಚು ಜಖಂಗೊಳ್ಳದೆ ಸಿಕ್ಕಿತು. ಅವರು ಅದನ್ನು ಆ ಹೊಲದಲ್ಲಿಯೇ ಹೂಳಿದರು.

ಯುದ್ಧದ ಎರಡನೆಯ ದಿನವದು. ಶತ್ರುವಿಮಾನದಿಂದ ಬಿದ್ದ, ಪರಭಾಷೆಯ, ಪರಧರ್ಮದ ವ್ಯಕ್ತಿ. ಅವರ ನೆಲೆಯ ಮೇಲೆ ಬಾಂಬು ಹಾಕಿ ಬಂದವನು. ದೇಹವನ್ನು ನರಿನಾಯಿಗಳಿಗೆ ಬಿಟ್ಟಿದ್ದರೂ ಕೇಳುವವರಿರಲಿಲ್ಲ. ಮೃತರನ್ನು ಹೂಳುವುದನ್ನು ನಮ್ಮ ಧರ್ಮೋಪದೇಶದಲ್ಲಿ ಶಾರೀರಿಕ ದಯಾಕಾರ್ಯಗಳಲ್ಲಿ ಏಳನೆಯದಾಗಿ ಕಲಿಸುತ್ತೇವೆ. ತೋಬಿತನು ಊಟವನ್ನು ಮುಟ್ಟದೆ ಬಿಟ್ಟೆದ್ದು ಬೀದಿಯಲ್ಲಿ ಬಿದ್ದಿದ್ದ ಶವವನ್ನು ತಂದು ಹೂಳಿದ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ಪಂಜಾಬಿನ ಆ ಮುಸಲ್ಮಾನ ರೈತರಿಗೆ ತೋಬಿತನ ಹೆಸರು ತಿಳಿದಿರಲಾರದು. ಅವರು ಗುದ್ದಲಿ ಹಿಡಿದರು, ಕೆಲಸ ಮುಗಿಸಿದರು. ಕೊಡವರ ಪದ್ಧತಿಯ ಎರಡು ಗುಂಡುಗಳು ಅಲ್ಲಿ ಹಾರಲಿಲ್ಲ, ಕೊಡಗಿನ ಮಣ್ಣು ಸಿಗಲಿಲ್ಲ. ಆದರೆ ಮಣ್ಣು ಸಿಕ್ಕಿತು.

ಅಮ್ಜದ್ ಹುಸೇನರ ಮುಂದಿನ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಬಹುದು. 1965ರ ಶೌರ್ಯಕ್ಕಾಗಿ ಅವರ ದೇಶ ಅವರಿಗೆ ಸಿತಾರಾ-ಎ-ಜುರತ್ ಪದಕವನ್ನು ಕೊಟ್ಟಿತು. 1971ರ ಡಿಸೆಂಬರಿನ ಯುದ್ಧದಲ್ಲಿ ಅವರು ಮತ್ತೆ ಸ್ಟಾರ್‌ಫೈಟರ್ ಏರಿ ಅಮೃತಸರದ ರೇಡಾರಿನ ಮೇಲೆ ದಾಳಿಗೆ ಬಂದಾಗ ನಮ್ಮ ನೆಲದ ಫಿರಂಗಿಗಳು ಆ ವಿಮಾನವನ್ನು ಉರುಳಿಸಿದವು. ಆಗಲೂ ಬದುಕಿ ಉಳಿದ ಅವರು ನಮ್ಮ ದೇಶದಲ್ಲಿ ಯುದ್ಧಕೈದಿಯಾಗಿದ್ದು, ಅನಂತರ ಬಿಡುಗಡೆಯಾಗಿ ತಮ್ಮ ಮನೆಗೆ ಮರಳಿದರು. 1965ರಲ್ಲಿ ತಮ್ಮನ್ನು ಹೊಡೆದುರುಳಿಸಿದವರ ಹೆಸರನ್ನು ಭಾರತದವರೇ ಇನ್ನೂ ಅರಿಯದಿದ್ದ ದಿನಗಳವು.

2025ರ ಜನವರಿಯಲ್ಲಿ ಈ ವೃತ್ತಾಂತವನ್ನು ಆಧರಿಸಿದ ಹಿಂದೀ ಚಲನಚಿತ್ರವೊಂದು ತೆರೆಕಂಡಿತು. ನಮ್ಮ ಯುವಕಯುವತಿಯರಲ್ಲಿ ಹಲವರು ಅದನ್ನು ನೋಡಿದ್ದಾರೆ. ಅದರಲ್ಲಿ ವೈಮಾನಿಕನ ಹೆಸರನ್ನು ಬದಲಿಸಲಾಗಿದೆ. ಚಿತ್ರಕ್ಕೆ ಬೇಕಾದ ಸೇರ್ಪಡೆಗಳೂ ಇವೆ. ಅಜ್ಜಮಾಡ ದೇವಯ್ಯ ಎಂಬ ಹೆಸರು ತೆರೆಯ ಮೇಲಿನ ನಾಯಕನಿಗೆ ಇಲ್ಲದಿರುವುದರಿಂದ, ನೋಡಿ ಬಂದವರಿಗೂ ಇದು ಪಕ್ಕದ ಕೊಡಗಿನವರ ಕಥೆಯೆಂಬುದು ಹೊಳೆಯದೆ ಹೋಗಿರುವ ಸಂಭವವಿದೆ.

ಮಡಿಕೇರಿಯ ವೃತ್ತದಲ್ಲಿ ವರ್ಷವರ್ಷವೂ ಸೆಪ್ಟೆಂಬರ್ 7ರಂದು ಊರಿನವರೂ ನಿವೃತ್ತ ಸೈನಿಕರೂ ಸೇರಿ ಪ್ರತಿಮೆ ಇರುವಲ್ಲಿ ಪುಷ್ಪನಮನ ಸಲ್ಲಿಸುತ್ತಾರೆ. ಮರುದಿನ ಮಾತೆಯ ಹಬ್ಬವಾದ್ದರಿಂದ ನಮ್ಮ ಕೇಂದ್ರದ ಹಲವು ಕುಟುಂಬಗಳು ಆ ದಿನವೇ ಹಬ್ಬಕ್ಕೆಂದು ಕೊಡಗಿನ ತೋಟಗಳಿಂದ ಊರಿನ ಕಡೆ ಹೊರಟಿರುತ್ತವೆ. ಅವರು ಬಸ್ಸು ಹತ್ತುವುದು ಆ ನಿಲ್ದಾಣದ ಆಸುಪಾಸಿನಲ್ಲಿಯೇ.